ಕಾಡು ಬಳಿಯುತ್ತಿದ್ದ ಮೇಷ್ಟ್ರು

ಭೂಮಂಡಲದ ಕಾಡುಗಳ ಏರಿಳಿತ ಮನುಕುಲವೇ ಕೂತು ಚಿಂತಿಸಬೇಕಾದ ವಿಷಯ. ಮಳವಳ್ಳಿಯ ನಮ್ಮ ಶಾಲೆಯಲ್ಲಿ ಅದು ಎರಡು ಡಬ್ಬಿ ಪೇಂಟಿನ ಕೆಲಸವಾಗಿತ್ತು. ಭೂಗೋಳದ ಮೇಷ್ಟ್ರು ಅಂಗಳದ ಗೋಡೆಯ ಮೇಲೆ ಪ್ರಪಂಚದ ನಕ್ಷೆ ಬರೆದಿದ್ದರು. ಪ್ರತಿ ಜೂನ್‌ನಲ್ಲೂ ಪ್ಯಾಂಟು ಮಡಚಿ ಏಣಿ ಹತ್ತಿ, ಕಾಡು ಕಡಿದ ಬ್ರೆಜಿಲ್‌ಗೆ ಕಂದು ಬಳಿಯುವರು, ಗಿಡ ನೆಟ್ಟ ಚೀನಾಕ್ಕೆ ಹಸಿರು. ಏಣಿ ಹಿಡಿಯುವುದು ಸಹೋದ್ಯೋಗಿಯಾದ ನನ್ನ ಪಾಲು.

"ಕಡ್ದೋರ್ದೂ ಬರೀಬೇಕು, ನೆಟ್ಟೋರ್ದೂ ಬರೀಬೇಕು ಕಣ್ರಲಾ" ಎಂದು ಕೆಳಗೆ ನಿಂತ ಮಕ್ಕಳಿಗೆ ಹೇಳುವರು. ಕಾಂಗೋಗೆ ಕಂದು ಬಳಿದ ದಿನ ಮೇಷ್ಟ್ರು ಊಟದ ಡಬ್ಬಿ ತೆರೆಯಲಿಲ್ಲ.

ಶಾಲೆಗೆ ಹೊಸ ಕೊಠಡಿ ಮಂಜೂರಾಯಿತು. ಜಾಗ ಬೇಕಾದರೆ ಅಂಗಳದ ಹೊಂಗೆ ಮರ ಹೋಗಬೇಕು, ಇಲ್ಲವೇ ಆ ಗೋಡೆ.

"ಇಪ್ಪತ್ತು ವರ್ಸದ ನಿಮ್ ನಕ್ಸೆ ಸಾ. ಮರನೇ ಕಡಿಸ್ಬುಡವ" ಎಂದರು ಹೆಡ್‌ಮಾಸ್ಟರು, ಉಪಕಾರ ಮಾಡುವವರಂತೆ.

ಮೇಷ್ಟ್ರು ಗೋಡೆಯ ಮೇಲೆ ಅಂಗೈಯಿಟ್ಟರು.

"ನಿಜವಾದ್ ಮರ ಕಡ್ದು, ಬರ್ದಿರೋ ಕಾಡು ಮಡಿಕ್ಕಂಡ್ರೆ ಐಕ್ಳು ಉಗೀತಾವೆ ಸಾ. ಗೋಡೆ ಕೆಡವ್ಸಿ."

ಸೋಮವಾರ ಬೆಳಿಗ್ಗೆ ಕೂಲಿಯವರು ಅಮೆರಿಕದ ಕಡೆಯಿಂದ ಒಡೆಯಲು ಶುರು ಮಾಡಿ, ಸಂಜೆಯ ಹೊತ್ತಿಗೆ ಆಸ್ಟ್ರೇಲಿಯಾ ಮುಗಿಸಿದರು. ಹೊಂಗೆ ಮರ ಉಳಿಯಿತು.