ಮಾತೆಯ ಕೈ ಮುರಿದವಳು

ಮರಿಯಮಾತೆಯ ಮೂರ್ತಿಯ ಕೈ ಮುರಿದದ್ದು ಜೆಸಿಂತ ಅಲ್ಲ, ನಾನು. ಇಷ್ಟು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ — ಗಂಡನಿಗೂ. ಪಾಪನಿವೇದನೆಯಲ್ಲಿ ಫಾದರ್ ಮುಂದೆ ‘ಸುಳ್ಳು ಹೇಳಿದ್ದೇನೆ’ ಎಂದದ್ದುಂಟು. ಯಾವ ಸುಳ್ಳು, ಯಾರ ತಲೆಗೆ ಕಟ್ಟಿದ್ದು — ಅದನ್ನು ಮಾತ್ರ ನುಂಗಿಕೊಂಡೆ.

ಇವತ್ತು ಬೆಳಿಗ್ಗೆ ಜೆಸಿಂತಳ ಸುದ್ದಿ ಬಂದಾಗ ನಾನು ಗಂಡನ ಆಫೀಸು ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದೆ. ಎದುರಿಗೆ ಟಿವಿಯಲ್ಲಿ ಜಪಾನಿನ ಒಂದು ಪೊಲೀಸ್ ಧಾರಾವಾಹಿ. ಎಲ್ಲರೂ ಮರೆತು ಮುಚ್ಚಿಹೋದ ಹಳೆಯ ಕೇಸುಗಳನ್ನು ಮತ್ತೆ ಕೆದಕುವ ಪತ್ತೇದಾರರ ಕತೆ. ಮಗಳು ಹಾಕಿಕೊಟ್ಟ ಮೇಲೆ ನನಗೆ ಅದರದ್ದೇ ಹುಚ್ಚು. ಕೆಳಗೆ ಓಡುವ ಇಂಗ್ಲಿಷ್ ಓದುವಷ್ಟರಲ್ಲಿ ಕಾಲರ್ ಸುಡುವ ಭಯ, ಆದರೂ ಬಿಡುವುದಿಲ್ಲ. ಇವತ್ತಿನ ಕಂತಿನಲ್ಲಿ, ಎಂದೋ ತೀರಿಹೋದ ಹುಡುಗನೊಬ್ಬನ ಸಾವಿನ ನಿಜ ಕೊನೆಗೂ ಹೊರಬಂತು. ಪತ್ತೇದಾರ ಹೆಂಗಸು ಅವನ ಮುದಿ ತಾಯಿಯ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಸೊಂಟ ಬಗ್ಗಿಸಿ ನಮಸ್ಕರಿಸಿದಳು. “ತಡವಾಯಿತು, ಕ್ಷಮಿಸಿ.” ಆ ತಾಯಿ ಹೇಳಿದ್ದು ಇಷ್ಟೇ — “ನಾನಿನ್ನೂ ಇದ್ದೇನಲ್ಲ.”

ಅಷ್ಟರಲ್ಲಿ ಫೋನಿನಲ್ಲಿ ಐರಿನ್ ಬಾಯಿಯ ದನಿ. ದೊಡ್ಡ ಹೆಂಗಸರನ್ನು ನಾವು ‘ಬಾಯಿ’ ಎಂದೇ ಕರೆಯುವುದು; ಮಸ್ಕತ್ತಿನ ಈ ಹಮ್ರಿಯಾ ಬಡಾವಣೆಯ ನಮ್ಮ ಜಪಸರದ ಗುಂಪಿಗೆ ಅವರೇ ಹಿರಿಯರು. “ಕೇಳಿದ್ರಾ? ಜೆಸಿಂತನ ಗಂಡನಿಗೆ ದೂರದ ದುಕ್ಮ್‌ಗೆ ಟ್ರಾನ್ಸ್‌ಫರ್ ಅಂತೆ. ಅಲ್ಲಿ ಕ್ಯಾಂಪಿನಲ್ಲಿ ಫ್ಯಾಮಿಲಿ ಇಡ್ಲಿಕ್ಕೆ ಆಗುದಿಲ್ಲ. ಇವಳು ಮಗಳನ್ನು ಕರ್ಕೊಂಡು ಊರಿಗೆ, ಶಿರ್ವಕ್ಕೆ. ಇಲ್ಲಿನದ್ದು ಖಲಾಸ್. ಶುಕ್ರವಾರ ಫ್ಲೈಟ್.”

ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿದೆ. ಶುಕ್ರವಾರ — ಅಂದರೆ ಅವಳಿನ್ನೂ ಇದ್ದಾಳೆ.

ಅಕ್ಟೋಬರ್ ಬಂತೆಂದರೆ ನಮ್ಮಲ್ಲಿ ಮಾತೆಯ ಮೂರ್ತಿ ಮನೆಯಿಂದ ಮನೆಗೆ ಹೋಗುತ್ತದೆ; ಈಗಲೂ ಅದೇ ತಿಂಗಳು. ಒಂದೊಂದು ದಿನ ಒಬ್ಬೊಬ್ಬರ ಮನೆ. ಸಂಜೆ ಜಪಸರ, ಮೆಲುದನಿಯಲ್ಲಿ ಎರಡು ಗೀತೆ, ಬೇಯಿಸಿದ ಕಡಲೆ, ಚಹಾ. ಮರುದಿನ ಮೂರ್ತಿಗೆ ಬಟ್ಟೆ ಸುತ್ತಿ ಲಿಫ್ಟಿನಲ್ಲಿ ಮುಂದಿನ ಮನೆಗೆ. ಕೈ ಮುರಿದ ವರ್ಷ ನಮ್ಮ ಸರದಿ ಬಂದಾಗ, ಊರಿಂದ ವಿಮಾನದಲ್ಲಿ ಬರುವ ಮಲ್ಲಿಗೆಯನ್ನು ತರಿಸಿದ್ದೆ. ಬೇರೆಯವರ ಮನೆಗಿಂತ ಚಂದ ಕಾಣಲಿ ಎಂಬ ಆಸೆ ನನಗೆ. ಭಕ್ತಿ ಎಂದು ಹೇಳಿಕೊಂಡರೂ ಅದು ಜಂಬವೇ. ಹೂವನ್ನು ಮಾತೆಯ ಮುಗಿದ ಕೈಗಳಿಗೆ ಬಿಗಿಯಾಗಿ ಸುತ್ತಿದೆ. ಮರುದಿನ ಬಾಡಿದ ಹೂ ತೆಗೆಯುವಾಗ ದಾರ ಸಿಕ್ಕಿಕೊಂಡಿತು. ಒಲೆಯ ಮೇಲೆ ಅನ್ನ ಉಕ್ಕುತ್ತಿತ್ತು. ಎಳೆದೆ. ಬಲಗೈ ಮಣಿಕಟ್ಟಿನ ಹತ್ತಿರ ತುಂಡಾಗಿ ನನ್ನ ಅಂಗೈಗೆ ಬಂತು.

ಮಗಳ ಶಾಲೆಯ ಗಮ್ ಹಚ್ಚಿ ಅಂಟಿಸಿದೆ. ಮೇಲಿಂದ ಉಳಿದ ಮಲ್ಲಿಗೆ ಸುತ್ತಿದೆ. ಸಂಜೆ ಮೂರ್ತಿ ಕೆಳಗಿನ ಮಹಡಿಗೆ, ಜೆಸಿಂತಳ ಮನೆಗೆ ಹೋಯಿತು. ಅವಳು ಮದುವೆಯಾಗಿ ಹೊಸತಾಗಿ ಮಸ್ಕತ್‌ಗೆ ಬಂದವಳು. ಅವಳ ಮನೆಗೆ ಮಾತೆ ಬಂದದ್ದು ಅದೇ ಮೊದಲು. ಮೊಂಬತ್ತಿ ಹಚ್ಚಲು ಅವಳು ಹೂವನ್ನು ಸ್ವಲ್ಪ ಸರಿಸಿದಳು — ಕೈ ಬಿಳಿ ಬಟ್ಟೆಯ ಮೇಲೆ ಬಿತ್ತು.

ಐರಿನ್ ಬಾಯಿ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡರು. “ಇಷ್ಟು ಮನೆ ತಿರುಗಿ ಬಂದ ಮೂರ್ತಿ, ನಿನ್ನ ಕೈ ತಾಗಿದ ಕೂಡಲೇ ಹೀಗಾಯ್ತಲ್ಲ ಮಾರಾಯ್ತಿ.”

“ನಾನು ಹೂ ಸರಿಸಿದ್ದು ಮಾತ್ರ ಬಾಯಿ.”

ಅವರು ನನ್ನ ಕಡೆ ತಿರುಗಿದರು. “ನಿಮ್ಮ ಮನೆಯಿಂದ ಹೊರಡುವಾಗ ಸರಿ ಇತ್ತಲ್ಲ?”

“ಸರಿ ಇತ್ತು” — ಎಂದೆ.

ಆ ಎರಡು ಮಾತು. ಆಮೇಲೆ ಕೈಯನ್ನು ಪಕ್ಕದ ರೂವಿ ಪೇಟೆಯಲ್ಲಿ ಯಾರೋ ಚೆನ್ನಾಗಿ ಜೋಡಿಸಿಕೊಟ್ಟರು. ಮಣಿಕಟ್ಟಿನಲ್ಲಿ ಕೂದಲಿನಂಥ ಒಂದು ಗೆರೆ ಉಳಿಯಿತು. ಆದರೆ ‘ಜೆಸಿಂತನ ಕೈಗೆ ಕೊಡಬೇಡಿ’ ಎನ್ನುವುದು ಗುಂಪಿನಲ್ಲಿ ತಮಾಷೆಯಾಯಿತು. ಅವಳೂ ನಕ್ಕಳು. ಮತ್ತೆ ಅವಳೇ ಅದನ್ನು ಹೇಳತೊಡಗಿದಳು. ಯಾರ ಮನೆಗೆ ಹೋದರೂ ಸ್ಟೀಲ್ ಲೋಟದಲ್ಲೇ ಚಹಾ ಕೇಳುವಳು. ಅಕ್ಟೋಬರ್‌ನಲ್ಲಿ ‘ನಮ್ಮ ಮನೆ ಬಿಡಿ’ ಎನ್ನುವಳು. ಆ ಎಲ್ಲ ವರ್ಷ ಮಾತೆ ನನ್ನ ಮನೆಗೆ ಬಂದಳು, ಅವಳ ಮನೆಗೆ ಹೋಗಲಿಲ್ಲ. ನಾನು ಆ ಗೆರೆಯನ್ನು ನೋಡುತ್ತ ಜಪಸರ ಹೇಳಿದೆ.

ಒಂದು ಪ್ಲಾಸ್ಟರ್ ಕೈಯ ಕೇಸು ಹಿಡಿದುಕೊಂಡು ಹಮ್ರಿಯಾಕ್ಕೆ ಯಾವ ಪತ್ತೇದಾರರೂ ಬರುವುದಿಲ್ಲ. ನಾನೇ ಹೋಗಬೇಕಿತ್ತು. ಟಿವಿ, ಇಸ್ತ್ರಿಪೆಟ್ಟಿಗೆ ಎರಡನ್ನೂ ಆರಿಸಿ, ಮೆಟ್ಟಿಲು ಇಳಿದು ಅವಳ ಬೆಲ್ ಒತ್ತಿದೆ. ಮನೆಯಲ್ಲಿ ಒಬ್ಬಳೇ ಇದ್ದಳು. ಅದೂ ದೇವರ ದಯೆ. ಹಾಲ್ ತುಂಬ ರಟ್ಟಿನ ಪೆಟ್ಟಿಗೆಗಳು. ಗಾಜಿನ ಲೋಟಗಳು ಮಾತ್ರ ಮೇಜಿನ ಮೇಲೆ ಹಾಗೇ ಇದ್ದವು.

“ಅದನ್ನೆಲ್ಲ ಇವರು ಬಂದು ಕಟ್ಟಲಿ” ಎಂದಳು. “ನನ್ನ ಕೈ ಗೊತ್ತುಂಟಲ್ಲ ನಿಮಗೆ.”

“ನಿನ್ನ ಕೈಗೆ ಏನೂ ಆಗಿಲ್ಲ ಜೆಸಿಂತ” ಎಂದೆ. ಮತ್ತೆ ಎಲ್ಲವನ್ನೂ ಹೇಳಿದೆ. ಹೂ, ದಾರ, ಗಮ್ — ಸರಿ ಇತ್ತು ಎಂದದ್ದು.

ಅವಳು ಪೆಟ್ಟಿಗೆಯೊಂದರ ಮೇಲೆ ಕುಳಿತು ತನ್ನ ಅಂಗೈಗಳನ್ನೇ ನೋಡಿದಳು. “ಆಗಲೇ ಯಾಕೆ ಹೇಳ್ಲಿಲ್ಲ?”

“ಹೆದರಿದೆ.” ಅದಕ್ಕಿಂತ ದೊಡ್ಡ ಕಾರಣ ನನ್ನಲ್ಲಿರಲಿಲ್ಲ. ಈಗಲೂ ಇಲ್ಲ.

“ಮಗಳು ಹುಟ್ಟಿದಾಗ ನರ್ಸ್ ಕೊಡ್ಲಿಕ್ಕೆ ಬಂದ್ರು, ಬಾಯಿ. ನಾನು ತಗೊಳ್ಳಲಿಲ್ಲ. ನನ್ನ ಕೈಯಿಂದ ಬಿದ್ರೆ ಅಂತ. ಮೊದಲು ಎತ್ತಿಕೊಂಡದ್ದು ಇವರು.”

ಮೂರ್ತಿಯ ಕೈಯನ್ನು ಜೋಡಿಸಿಯಾಯಿತು — ಆ ಗಳಿಗೆಯನ್ನು ಯಾರು ಜೋಡಿಸಿಕೊಡುತ್ತಾರೆ? ಆ ಜಪಾನಿ ಹೆಂಗಸಿನಂತೆ ಬಗ್ಗಲೂ ನನಗೆ ಬರಲಿಲ್ಲ.

ಅವಳು ಎದ್ದಳು. ಒಂದು ಗಾಜಿನ ಲೋಟ ಎತ್ತಿ ಹಳೆಯ ಪೇಪರಿನಲ್ಲಿ ಸುತ್ತಿದಳು. ಮತ್ತೊಂದು. ನಾನೂ ಒಂದಕ್ಕೆ ಕೈ ಹಾಕಿದೆ.

“ನೀವು ಬಿಡಿ” ಎಂದು ಕಸಿದುಕೊಂಡಳು. “ಮುರಿಯುವವರು ನೀವು.” ತುಟಿಯ ಕೊನೆಯಲ್ಲಿ ಸ್ವಲ್ಪ, ತೀರಾ ಸ್ವಲ್ಪ ನಗು ಇತ್ತು. “ನಾಳೆ ಮೂರ್ತಿ ಯಾರ ಮನೆಗೆ?”

“ಐರಿನ್ ಬಾಯಿಯಲ್ಲಿಗೆ.”

“ಬೇಡ. ಇಲ್ಲಿಗೆ ಬರಲಿ. ನಾನೇ ಹೋಗಿ ಎತ್ಕೊಂಡು ಬರ್ತೇನೆ. ಜಪಸರ ಆದ ಮೇಲೆ ನೀವು ಎಲ್ಲರ ಎದುರು ಹೇಳ್ಬೇಕು, ಈಗ ಹೇಳಿದ ಹಾಗೇ. ಮತ್ತೆ ನನ್ನ ಕುಕ್ಕರ್ ಪ್ಯಾಕ್ ಆಗಿದೆ. ಕಡಲೆ ನೀವೇ ಬೇಯಿಸಿ ತನ್ನಿ.”

ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ನಾನು ಕೇಳಲೂ ಇಲ್ಲ. ಕೆಲಸ ಹೇಳಿದಳಲ್ಲ, ನನಗೆ ಅಷ್ಟು ಸಾಕು.

ಮೇಲೆ ಬಂದಾಗ ಇಸ್ತ್ರಿಪೆಟ್ಟಿಗೆ ತಣ್ಣಗಾಗಿತ್ತು. ಅಂಗಿಯ ಒಂದು ತೋಳು ಬಾಕಿ. ಅದು ಹಾಗೇ ಇರಲಿ ಎಂದು ಅಡುಗೆಮನೆಗೆ ಹೋದೆ. ದೊಡ್ಡ ಪಾತ್ರೆ ತೆಗೆದು, ಎಲ್ಲರಿಗೂ ಸಾಕಾಗುವಷ್ಟು ಕಡಲೆ ಸುರಿದು, ಕಲ್ಲು ಆರಿಸಿ, ತೊಳೆದು ನೀರಿನಲ್ಲಿ ನೆನೆಹಾಕಿದೆ.