ಹಾಕದೆ ಉಳಿದ ಮೂರು ದಿನದ ಔಷಧಿ

ರತ್ನಾ, ಆ ಮೂರು ದಿನ ನಾನು ನಿನ್ನ ಟೆಸ್ಟ್ ಟ್ಯೂಬುಗಳಿಗೆ ಔಷಧಿ ಹಾಕಲಿಲ್ಲ. ಹಾಕಿದೆನೆಂದು ಪುಸ್ತಕದಲ್ಲಿ ಗುರುತು ಮಾಡಿದೆ — ನಿನ್ನ ಮುಖ ನೋಡಿಕೊಂಡೇ ಸುಳ್ಳೂ ಹೇಳಿದೆ. ಇದನ್ನು ಬರೆಯಲು ನನಗೆ ಹತ್ತು ವರ್ಷ ಬೇಕಾಯಿತು.

ತೊಂಬತ್ತೆಂಟರಲ್ಲಿ ತುಮಕೂರಿನಲ್ಲಿ ನಾವಿಬ್ಬರೂ ಎಂಎಸ್ಸಿ ಓದುವಾಗ ನಿನ್ನನ್ನು ಕಾಡುತ್ತಿದ್ದುದು ಗುಬ್ಬಿಯ ನಿಮ್ಮ ಬೀದಿಯ ಪ್ರಶ್ನೆ. ಹಸುವಿಗೆ ಕೆಚ್ಚಲುಬಾವು ಬಂದರೆ ನಿಮ್ಮಮ್ಮ ಆಂಟಿಬಯಾಟಿಕ್ ಟ್ಯೂಬಿನಲ್ಲಿ ಅರ್ಧ ಹಾಕಿ, ಉಳಿದರ್ಧ ಪಕ್ಕದ ಮನೆಯ ಹಸುವಿಗೆ ಕೊಡುತ್ತಿದ್ದರು — ಹೆಪ್ಪು ಕೊಟ್ಟಷ್ಟೇ ಸಲೀಸಾಗಿ. ಆ ಔಷಧಿ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟದಂತೆ ತಡೆಯುತ್ತದೆ. ಆದರೆ ಕೆಲವು ಬ್ಯಾಕ್ಟೀರಿಯಾಗಳಲ್ಲಿ, ಬೇರೆ ದಾರಿಯಲ್ಲಿ ಗೋಡೆ ಕಟ್ಟಿಸುವ ಜೀನ್ ಒಂದು ಮಲಗಿರುತ್ತದೆ. ಸಾಯಿಸಲಾರದ ಅರ್ಧ ಔಷಧಿ ಅದನ್ನು ಎಬ್ಬಿಸಿಬಿಟ್ಟರೆ? ನಿಮ್ಮ ಕೆಂದಿ ಹಸು ಬತ್ತುವ ಮುಂಚೆ ತಂದಿಟ್ಟಿದ್ದ ಹಾಲಿನಿಂದಲೇ ಬ್ಯಾಕ್ಟೀರಿಯಾ ಬೆಳೆಸಿ, ಹತ್ತು ದಿನ ಚೂರು ಚೂರೇ ಔಷಧಿ ಹಾಕಿ ನೋಡಲು ನೀನು ಹೊರಟೆ.

ಏಳು ದಿನ ನೀನೇ ಹಾಕಿದೆ. ಅಷ್ಟರಲ್ಲಿ ಕೆಂದಿ ಕರು ಹಾಕಿತೆಂದು ಕುಣಿದಾಡುತ್ತ ಊರಿಗೆ ಓಡಿದೆ, ಉಳಿದ ಮೂರು ದಿನ ನನಗೆ ಒಪ್ಪಿಸಿ. ನಾನೋ — ಕುಣಿಗಲ್ಲಿನಲ್ಲಿ ಅಕ್ಕನ ಸೀಮಂತ. ಸಂಜೆಗೆ ವಾಪಸ್ ಬರುತ್ತೇನೆಂದೇ ಬಸ್ಸು ಹತ್ತಿದ್ದು. ಕೈತುಂಬ ಬಳೆ ತೊಟ್ಟೆ, ಹೊಟ್ಟೆ ಬಿರಿಯುವಷ್ಟು ಹೋಳಿಗೆ ತಿಂದೆ, ಹಾಡಿ ಹಾಡಿ ಗಂಟಲು ಕಟ್ಟಿಕೊಂಡೆ — ಮೂರು ದಿನ ಮುಗಿದೇ ಹೋಗಿತ್ತು. ಅಷ್ಟು ಖುಷಿಯಾಗಿ ನಾನು ಆಮೇಲೆ ಎಂದೂ ಇರಲಿಲ್ಲ, ಅದೂ ನಿಜ.

ನೀನು ಡಬ್ಬಿ ತುಂಬ ಗಿಣ್ಣು ತಂದೆ.

"ಮೂರ್ ದಿನಾನೂ ಹಾಕ್ದೆ ತಾನೇ?"

"ಹಾಕ್ದೆ ಕಣೇ! ನನ್ ಮೇಲೆ ಅಷ್ಟೂ ನಂಬ್ಕೆ ಇಲ್ವಾ?"

ಆವತ್ತೇ ನೀನು ಟೆಸ್ಟ್ ಟ್ಯೂಬಿನ ಬ್ಯಾಕ್ಟೀರಿಯಾವನ್ನು ಗಾಜಿನ ತಟ್ಟೆಯಲ್ಲಿ ಹರಡಿ, ನಡುವೆ ಔಷಧಿಯ ಬಿಲ್ಲೆ ಇಟ್ಟೆ. ಮಾರನೆಯ ದಿನ ತಟ್ಟೆ ತೆಗೆದರೆ, ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಸತ್ತು ದೊಡ್ಡ ಖಾಲಿ ವೃತ್ತ. ಜೀನ್ ಎದ್ದೇ ಇಲ್ಲ! ನೀನು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದೆ. ಔಷಧಿ ನಿಂತಿದ್ದಕ್ಕೆ, ಎದ್ದ ಜೀನ್ ಮತ್ತೆ ಮಲಗಿರಬಹುದೆಂದು ನನಗೆ ಹೊಳೆಯಿತು — ಆದರೂ ನಕ್ಕೆ. ಇನ್ನೊಮ್ಮೆ ಮಾಡಿ ನೋಡೋಣ ಅಂದೆ ನೀನು. "ಬಂದಿರೋದು ಸಾಲ್ದಾ, ಬುಡೇ" ಅಂದವಳು ನಾನು. ಆ ಮಧ್ಯಾಹ್ನವೇ ನೀನು ನಿಮ್ಮಮ್ಮನಿಗೆ ಫೋನು ಮಾಡಿದೆ: "ಹಂಚ್ಕೊಳ್ಳಮ್ಮ, ಏನೂ ಆಗಲ್ಲ."

ಎರಡು ವರ್ಷದ ಮೇಲೆ ಕೆಂದಿಯ ಕೆಚ್ಚಲು ಮತ್ತೆ ಊದಿದಾಗ ಅರ್ಧ ಟ್ಯೂಬಿಗೂ ಬಗ್ಗಲಿಲ್ಲ, ಪೂರ್ತಿ ಟ್ಯೂಬಿಗೂ ಬಗ್ಗಲಿಲ್ಲ. ಒಂದು ಮೊಲೆ ಬತ್ತಿಹೋಯಿತು. "ಇನ್ನೂ ಮೂರವೆ ಬುಡವ್ವ" ಎಂದು ನಿಮ್ಮಮ್ಮ ನಗುತ್ತಲೇ ನನಗೆ ಕಾಫಿ ಕೊಟ್ಟರು. ಕುಡಿದೆ. ನನ್ನ ಸುಳ್ಳೇ ಕಾರಣವೋ ಅಲ್ಲವೋ — ತಿಳಿಯುವ ದಾರಿಯನ್ನು ನಾನೇ ಮುಚ್ಚಿದ್ದೆನಲ್ಲ.

ಹೋದ ತಿಂಗಳು, ನಾನೀಗ ಕೆಲಸ ಮಾಡುವ ಲ್ಯಾಬಿನಲ್ಲಿ, ಅಂಥದೇ ಬ್ಯಾಕ್ಟೀರಿಯಾಕ್ಕೆ ಹತ್ತು ದಿನವೂ ತಪ್ಪದೆ ಔಷಧಿ ಹಾಕಿದೆ. ತಟ್ಟೆಯಲ್ಲಿ ಅದು ಬಿಲ್ಲೆಯನ್ನು ಮುಟ್ಟುವವರೆಗೂ ಬೆಳೆದಿತ್ತು. ಒಬ್ಬಳೇ ಚಪ್ಪಾಳೆ ತಟ್ಟಿದೆ, ರತ್ನಾ! ನಿನ್ನ ಅನುಮಾನ ನಿಜವಾಗಿತ್ತು — ಎಂಥ ಬುದ್ಧಿ ನಿನ್ನದು! ಕುಣಿಯಬೇಕೆನಿಸಿತು. ಆಮೇಲೆ ನಿಮ್ಮ ಬೀದಿ ನೆನಪಾಯಿತು. "ನಮ್ ರತ್ನ ಓದಿ ಹೇಳವ್ಳೆ" ಎಂಬ ಒಂದೇ ಮಾತಿನ ಧೈರ್ಯದ ಮೇಲೆ, ಅಲ್ಲಿ ಇವತ್ತಿಗೂ ಒಂದು ಟ್ಯೂಬು ಎರಡು ಮನೆ ಸುತ್ತುತ್ತಿದೆ.

ಭಾನುವಾರ ಗುಬ್ಬಿಗೆ ಬರುತ್ತೇನೆ. ಹಾಲು ಹಾಕಲು ಹೆಂಗಸರೆಲ್ಲ ಡೈರಿಗೆ ಬರುವ ಹೊತ್ತಿಗೆ. ತಪ್ಪಿದ್ದು ರತ್ನ ಅಲ್ಲ, ನಾನು ಎಂದು ಅಲ್ಲೇ ಹೇಳುತ್ತೇನೆ. ನೀನು ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ನಿಮ್ಮಮ್ಮ ಮಾತ್ರ ಎದುರಿಗಿರಲಿ.