ಮೊದಲು ನೆನೆಯಬೇಕು

ಬಣ್ಣದಕ್ಕ ಕ್ಷಮೆ ಗೊತ್ತಿಲ್ಲದ ಹೆಂಗಸು. ಇದನ್ನು ಸುತ್ತಿ ಬಳಸಿ ಹೇಳುವ ಅಗತ್ಯವಿಲ್ಲ. ತಾಯಿಯನ್ನು ಮಣ್ಣು ಮಾಡಿ ಮುಗಿಸಿದ ಮೇಲೆ ತಂಗಿ ತನಗೆ ಸುದ್ದಿ ಕಳಿಸಿದಳೆಂದು ಅವಳೊಂದಿಗೆ ಹತ್ತೊಂಬತ್ತು ವರ್ಷದಿಂದ ಮಾತು ಬಿಟ್ಟಿದ್ದಳು. ಇಬ್ಬರಿಗೂ ಒಂದೇ ಚರ್ಚು. ತಂಗಿ ಮೊದಲ ಬೆಂಚಿನಲ್ಲಿ ಕೂತರೆ ಇವಳು ಕಟ್ಟಕಡೆಯ ಬೆಂಚಿನಲ್ಲಿ.

ಅಂಥವಳು ಅರವತ್ತೆಂಟರಲ್ಲಿ ದೀಕ್ಷಾಸ್ನಾನ ಬೇಕೆಂದು ಹಟ ಹಿಡಿದಳು. ಪಾದ್ರಿ ಅವಳು ಬಟ್ಟೆಗೆ ಬಣ್ಣ ಹಾಕುವ ಶೆಡ್ಡಿಗೇ ಬಂದರು. ಅವಳು ನೀಲಿ ಕುದಿಯುವ ಹಂಡೆಯ ಮುಂದೆ ಕೋಲು ಹಿಡಿದು ನಿಂತಿದ್ದಳು. ಕೈ ಮೊಣಕೈವರೆಗೂ ನೀಲಿ.

"ಮೊದ್ಲು ತಂಗಿ ಜೊತೆ ರಾಜಿ ಆಗಮ್ಮ. ಆಮೇಲೆ ನೀರಿಗಿಳಿಯೋದು."

"ನೀರಿಗಿಳಿದ್ರೆ ಏನಾಗತ್ತೆ ಫಾದರ್?"

"ಹಳೇ ಮನುಷ್ಯ ಕ್ರಿಸ್ತನ ಜೊತೆ ಸತ್ತು ಹೂತುಹೋಗ್ತಾನೆ. ಹೊಸಬನಾಗಿ ಆತನ ಜೊತೆ ಏಳ್ತಾನೆ."

"ಮತ್ತೆ ಈ ಹಳೇ ಮುದುಕಿ ಹತ್ರ ಯಾಕೆ ರಾಜಿ ಕೇಳ್ತೀರಿ? ಇವಳ ಕೈಲಿ ಆಗಲ್ಲ. ಸಾಯಬೇಕಾದವಳೇ ಇವಳು."

"ಪಶ್ಚಾತ್ತಾಪ ಬೇಡವೇನಮ್ಮ?"

"ನನ್ನ ಕೈಲಿ ಆಗಲ್ಲ ಅಂತ ಒಪ್ಕೊಂಡೆನಲ್ಲ. ಇನ್ನೇನು ಬೇಕು?"

ಅವಳು ಒಂದು ಒಣ ಬಟ್ಟೆಯ ತುಂಡನ್ನು ಹಂಡೆಗೆ ಅದ್ದಿ ತೆಗೆದು, ಬಿಸಿ ಆರಿದ ಮೇಲೆ ಅವರ ಕೈಗೆ ಹಾಕಿದಳು. ಅಲ್ಲಿಷ್ಟು ಕಪ್ಪುನೀಲಿ, ಇಲ್ಲಿಷ್ಟು ಬಿಳಿ.

"ಒಣ ಬಟ್ಟೆ ಹೀಗೇ, ತೇಪೆ ತೇಪೆ. ಮೊದ್ಲು ಬರೀ ನೀರಲ್ಲಿ ಎಳೆ ಎಳೆಯೂ ನೆನೀಬೇಕು. ಬಣ್ಣ ಹಿಡಿಯೋದು ಆಮೇಲೆ. ನೀವು ಹಿಂದುಮುಂದಾಗಿ ಮಾಡ್ತಿದೀರಿ."

"ನಂಗೇ ಉಪದೇಶ ಮಾಡ್ತೀಯಾ?"

"ನಾನು ವಾರ ವಾರ ಕೇಳಲ್ವಾ? ಒಂದು ದಿನ ನೀವು ಕೇಳಿ."

ಪಾದ್ರಿ ಬಟ್ಟೆಯನ್ನು ತಿರುವಿ ಮುರುವಿ ನೋಡಿದರು. ಅವರ ಬೆರಳಿಗೂ ನೀಲಿ ಹತ್ತಿತು. ನಗು ತಡೆಯಲಾಗಲಿಲ್ಲ. "ಭಾನುವಾರ ಬಾ," ಎಂದರು.

ಭಾನುವಾರ ಪಾದ್ರಿ, ನೀಲಿ ಇನ್ನೂ ಮಾಸದ ಅದೇ ಬೆರಳುಗಳಿಂದ, ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಅವಳನ್ನು ತೊಟ್ಟಿಯಲ್ಲಿ ಪೂರ್ತಿ ಮುಳುಗಿಸಿದರು. ಅವಳು ಕೆಮ್ಮುತ್ತ ಎದ್ದಳು. ಯಾರೋ ಚಾಚಿದ ಟವೆಲ್ಲನ್ನು ಮುಟ್ಟಲಿಲ್ಲ. ನೆಲದುದ್ದಕ್ಕೂ ನೀರು ಸುರಿಸುತ್ತ ಮೊದಲ ಬೆಂಚಿನ ಹತ್ತಿರ ಹೋಗಿ ನಿಂತಳು.

"ಸರ್ಕೊಳ್ಳೇ," ಎಂದಳು ತಂಗಿಗೆ.

ತಂಗಿ ಒಂದು ಗೇಣು ಸರಿದಳು. ಬಣ್ಣದಕ್ಕ ಆ ಗೇಣಿನಲ್ಲೇ ಅವಳಿಗೆ ಒತ್ತಿ ಕೂತಳು.

"ನನ್ನ ಬಟ್ಟೆಯೆಲ್ಲ ಒದ್ದೆ ಆಗ್ತಿದೆ, ಅಕ್ಕ."

"ಆಗ್ಲಿ."